ಒಂದೇ ಬಾವಿಯ ಐದು ಚೀಟಿ

ಸಾವಿನ ಕಾರಣ ಗುರುತಿಸುವ ರೋಗಗಳ ಪಟ್ಟಿಯನ್ನು ಎಲ್ಲ ದೇಶದವರೂ ಕೂಡಿ ಮತ್ತೊಮ್ಮೆ ತಿದ್ದುತ್ತಿದ್ದಾರೆಂದು ಇಂದಿನ ಪತ್ರಿಕೆಯ ಮೂಲೆಯಲ್ಲಿ ಮೂರು ಸಾಲು ಬಂದಿದೆ. ನೀವು ಅದನ್ನು ದಾಟಿ ಮುಂದೆ ಹೋಗಿರುತ್ತೀರಿ. ನಾನು ಚಹಾ ಆರುವ ತನಕ ಅಲ್ಲೇ ಕುಳಿತೆ. ಹಿಂದಿನ ಸಲ ತಿದ್ದಿದ ಪಟ್ಟಿ ಹುಬ್ಬಳ್ಳಿಗೆ ಬಂದಾಗ ಅದರ ಕೆಲಸ ನನ್ನ ಪಾಲಿಗೆ ಬಂದಿತ್ತು.

ಧಾರವಾಡದಲ್ಲಿ ಬಿ.ಎ. ಮುಗಿಸಿ, ಹಳೇ ಹುಬ್ಬಳ್ಳಿಯಲ್ಲಿದ್ದ ಚಿಕ್ಕಪ್ಪನ, ಅಂದರೆ ಕಾಕಾ-ಕಾಕುವಿನ ಮನೆಯಿಂದ ಜನನ-ಮರಣ ನೋಂದಣಿ ಕಚೇರಿಗೆ ಹೋಗುತ್ತಿದ್ದೆ. ಅಲ್ಲಿ ಹೆಂಗಸು ನಾನೊಬ್ಬಳೇ. ನನ್ನ ಮೇಜನ್ನು ಕಪಾಟಿನ ಹಿಂದೆ ಹಾಕಿಸಿದ್ದರು. ಮಾತು ಕಡಿಮೆಯಾದ ನನಗೆ ಅದು ಅನುಕೂಲವೇ ಆಯಿತು. ಹಳೆಯ ಮರಣಗಳನ್ನು ಒಂದೊಂದಾಗಿ ಚೀಟಿಗೆ ಇಳಿಸಿ, ಹೊಸ ಪಟ್ಟಿಯ ಅಂಕಿ ಹಾಕಿ ವಿಂಗಡಿಸಬೇಕು. ಪೆನ್ಸಿಲ್ ಚೂಪು ಮಾಡುವುದರಲ್ಲೇ ಅರ್ಧ ಸುಖ ಕಾಣುವವಳಿಗೆ ಹೇಳಿ ಮಾಡಿಸಿದ ಕೆಲಸ.

ತೊಡಕಾದದ್ದು ಕೂಸುಗಳ ವಿಷಯದಲ್ಲಿ. ಹಿರಿಯ ಗುಮಾಸ್ತರು ಎಲ್ಲ ಕೂಸುಗಳಿಗೂ ‘ಅಜೀರ್ಣ’ ಎಂದೇ ಬರೆದಿದ್ದರು. ಹೊಸ ಪಟ್ಟಿಗೆ ಅಷ್ಟು ಸಾಲದು. ಎರಡು ವರ್ಷದೊಳಗಿನವರ ಭೇದಿಗೆ ಬೇರೆಯೇ ಅಂಕಿ ಇತ್ತು.

“ಎಲ್ಲಾರಿಗೂ ಅದನ್ನ ಯಾಕ ಬರದೀರಿ?” ಎಂದೆ.

“ಮತ್ತೇನು ಬರೀಲಿ ತಂಗಿ? ಕೂಸಿಗೆ ಮಾತಿಲ್ಲ, ಅವ್ವನ ಅಳು ನಿಲ್ಲಂಗಿಲ್ಲ. ಹಿಂದ ಇನ್ನೂ ಹತ್ತು ಮಂದಿ ನಿಂತಿರತಾರ!”

ಆ ಶಬ್ದ ನಮ್ಮ ಮನೆಗೂ ಬಂದಿತ್ತು. ಕಾಕು ತನ್ನ ಹನ್ನೊಂದು ತಿಂಗಳ ಮಗ ಶಾಮನಿಗೆ ಹಬ್ಬದ ದಿನ ಬೆರಳ ತುದಿಯಷ್ಟು ಹುಗ್ಗಿ ನೆಕ್ಕಿಸಿದ್ದಳು. ಮೂರನೆಯ ದಿನ ಅವನಿಲ್ಲ. ಕಾಕಾ ಕಚೇರಿಯಲ್ಲಿ ಸಾವು ಬರೆಸಿ ಬಂದು ‘ಅಜೀರ್ಣ’ ಎಂದು ಓದಿ ಹೇಳಿದರು. ಕಾಕುವನ್ನು ಯಾರೂ ಏನೂ ಅನ್ನಲಿಲ್ಲ. ಅದೇ ಹೆಚ್ಚಿನ ಶಿಕ್ಷೆಯಾಯಿತು. ಆರು ವರ್ಷ ಯಾರ ಕೂಸಿಗೂ ಆಕೆ ತುತ್ತು ಕೊಡಲಿಲ್ಲ. “ನನ್ನ ಕೈ ಛಲೋ ಇಲ್ಲ” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ವಿಂಗಡಿಸುವಾಗ ಐದು ಕೂಸುಗಳ ಚೀಟಿ ಒಟ್ಟಿಗೆ ಬಂದವು. ಅಕ್ಕಪಕ್ಕದ ಓಣಿಗಳು, ಒಂದೇ ವಾರ. ಅದರಲ್ಲೊಂದು ಶಾಮನದು. ಆರೋಗ್ಯ ಖಾತೆಯ ಡಾಕ್ಟರರ ಮುಂದಿಟ್ಟೆ.

“ಐದೂ ಮನಿಯವರು ಒಂದ ಬಾವಿ ನೀರು ಕುಡದಾರ,” ಎಂದರು ಅವರು. “ಆ ಬಾವಿ ಅದ ವರ್ಷ ಮುಚ್ಚಿಸೇವಿ. ಇದು ನೀರಿಂದ ಬಂದದ್ದು, ಊಟದಿಂದಲ್ಲ.”

ಕಚೇರಿಯ ಮಾತನ್ನು ನಾನೆಂದೂ ಮನೆಗೆ ತಂದವಳಲ್ಲ. ಆ ಸಂಜೆ ತಂದೆ. ಆದರೆ ಬುದ್ಧಿ ನೋಡಿ, ಪಟ್ಟಿ, ಅಂಕಿ, ವಿಂಗಡಣೆ ಎಂದು ಶುರುಮಾಡಿದೆ.

“ಅಂಕಿ ಆಮ್ಯಾಲೆ ಹೇಳು,” ಎಂದಳು ಕಾಕು. “ನಾ ಉಣಿಸಿದ್ದಕ್ಕಲ್ಲೇನು?”

“ಅಲ್ಲ ಕಾಕು. ಬಾವಿ ನೀರು. ಐದು ಮನಿ ಕೂಸು ಅದರಿಂದನ ಹೋಗ್ಯಾವ.”

ಕಾಕು ಅಳುತ್ತಾಳೆಂದುಕೊಂಡೆ. “ಉಳಿದ ನಾಕು ಮನಿ ಯಾವು?” ಎಂದಳು.

“ಹೇಳಬಾರದು.”

“ಹುಚ್ಚಿ! ಅವರೂ ನನ್ನಂಗ ಕುಂತಿರತಾರ. ಒಬ್ಬಾಕಿ ಬಾಳೆಹಣ್ಣಂತ, ಒಬ್ಬಾಕಿ ಹಾಲಂತ. ಏಳು, ಲಗೂ.”

ಹೇಳಿದೆ. ನಾಲ್ಕೂ ಬಾಗಿಲು ಬಡಿದೆವು. ಮಗಳಿಗೆ ಖರ್ಜೂರ ಕೊಟ್ಟು ಕೊಂದೆನೆಂದು ನಂಬಿದ್ದ ಖತೀಜಾಬಿ, ಕಾಕುವಿನ ಎರಡೂ ಕೈ ಹಿಡಿದು ಮೊದಲು ಬೈದಳು: “ಇಷ್ಟು ವರ್ಷ ಎಲ್ಲಿ ಹೋಗಿದ್ರಿ ಅಕ್ಕಾರ?”

ಈಗ ಇದನ್ನು ಬರೆಯುವಾಗ ಖತೀಜಾಬಿಯ ಮೊಮ್ಮಗಳು ನನ್ನ ತೊಡೆಯ ಮೇಲೆ ಕುಳಿತು ಕಾಗದದ ಅಂಚನ್ನು ಬಾಯಿಗಿಡುತ್ತಿದ್ದಾಳೆ. ಹೀಗೆ ಸಾಲು ಸೊಟ್ಟಾದರೆ ಮೊದಲು ಹರಿದು ಹಾಕುತ್ತಿದ್ದೆ. ಒಳಗಿನಿಂದ ಕಾಕು ಕೂಗುತ್ತಾಳೆ: “ಅದಕ್ಕ ಹಸಿವ್ಯಾಗ್ಯದ, ಕಾಣಂಗಿಲ್ಲೇನು? ತಾ ಇಲ್ಲೆ, ನಾ ಉಣಸತೇನಿ.”