ಕುಂಕುಮ ಇದ್ದಲ್ಲಿ ವೈರು

ಧಾರವಾಡದಲ್ಲಿ ಡಾಕ್ಟರೇಟ್ ಪಡೆಯುವವರು ತಮ್ಮ ಪ್ರಬಂಧದ ಮೊದಲ ಪುಟದಲ್ಲಿ ಗುರುಗಳನ್ನು, ತಂದೆತಾಯಿಯನ್ನು, ಗ್ರಂಥಪಾಲಕರನ್ನು, ಒಮ್ಮೊಮ್ಮೆ ಮನೆದೇವರನ್ನೂ ನೆನೆಯುತ್ತಾರೆ. ಕಟ್ಟಕಡೆಗೆ, ಪುಟದಲ್ಲಿ ಜಾಗ ಉಳಿದಿದ್ದರೆ, ‘ಅಂದವಾಗಿ ಬೆರಳಚ್ಚು ಮಾಡಿಕೊಟ್ಟ ಶ್ರೀಮತಿ ಸುಲಭಾ ಅವರಿಗೆ’ ಎಂದು ಅರ್ಧ ಸಾಲು. ಆ ಅರ್ಧ ಸಾಲನ್ನೂ ಸುಲಭಾಳೇ ಟೈಪು ಮಾಡಬೇಕು. ಮಾಳಮಡ್ಡಿಯ ಮನೆಯ ಪಡಸಾಲೆಯಲ್ಲಿ ಕೂತು ಇಪ್ಪತ್ತೆರಡು ವರ್ಷಗಳಿಂದ ಅವಳು ಈ ಕೆಲಸ ಮಾಡುತ್ತಿದ್ದಾಳೆ. ದೊಡ್ಡ ದೊಡ್ಡವರ ಒತ್ತಕ್ಷರ ತಿದ್ದಿದ್ದಾಳೆ, ಹೊರಗೆ ಬಾಯಿ ಬಿಟ್ಟಿಲ್ಲ. ಹೇಳಿದ ದಿನ ತಪ್ಪಿಸಿದ್ದಂತೂ ಇಲ್ಲವೇ ಇಲ್ಲ.

ಈ ದಸರೆಯ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರ್ ಹಚ್ಚಿದಾಗ ಅವಳಿಗೆ ಫೋಲ್ಡರ್ ಕಾಣಲಿಲ್ಲ.

ಅವಳ ಕೆಲಸವೆಲ್ಲ ಇರುತ್ತಿದ್ದುದು ಆ ಒಂದೇ ಫೋಲ್ಡರಿನಲ್ಲಿ. ಫೋಲ್ಡರ್ ಇದ್ದುದು ಪಡಸಾಲೆಯ ಕಂಪ್ಯೂಟರಿನಲ್ಲಲ್ಲ, ಹಿಂದಿನ ಕೋಣೆಯ ಕಪಾಟಿನ ಮೇಲಿನ ಒಂದು ಕರಿ ಡಬ್ಬಿಯಲ್ಲಿ. ಪರದೆಯಿಲ್ಲ, ಕೀಲಿಮಣೆಯಿಲ್ಲ, ಪೆನ್‌ಡ್ರೈವ್ ಸಿಕ್ಕಿಸಲು ಜಾಗವೂ ಇಲ್ಲ. ಒಳಗೆ ಡಿಸ್ಕು, ಹೊರಗೆ ಒಂದು ವೈರು. ಎರಡು ವರ್ಷದ ಹಿಂದೆ ತೀರಿಕೊಂಡ ಅವಳ ಗಂಡ ಶ್ರೀರಂಗ ಅದನ್ನು ಹೊಂದಿಸಿಟ್ಟಿದ್ದ. ಒಮ್ಮೆ ಸುಲಭಾ ಎರಡು ಕಡೆ ಪ್ರತಿ ಇಟ್ಟುಕೊಂಡು ಯಾರದೋ ಹಳೆಯ ಅಧ್ಯಾಯವನ್ನು ಮುದ್ರಿಸಿಬಿಟ್ಟಿದ್ದಳು. ಅಂದಿನಿಂದ ಎಲ್ಲವೂ ಒಂದೇ ಕಡೆ ಇರಬೇಕೆಂದು ಅವನ ಕಟ್ಟಪ್ಪಣೆ. ಮನೆಯ ಮಣ್ಣಿನ ಗೋಡೆ ಮೊಳದಪ್ಪ, ವೈಫೈ ದಾಟುತ್ತಿರಲಿಲ್ಲ. ಹಾಗಾಗಿ ಪಡಸಾಲೆಯ ರೌಟರಿನಿಂದ ಹಿಂದಿನ ಕೋಣೆಯ ಇನ್ನೊಂದು ರೌಟರಿಗೆ ವೈರು ಎಳೆದು, ಡಬ್ಬಿಯನ್ನು ಅದಕ್ಕೆ ಕಟ್ಟಿದ್ದ.

ಇನ್ನೊಮ್ಮೆ ನೋಡಿದಳು. ಕಂಪ್ಯೂಟರಿನ ಪಟ್ಟಿಯಲ್ಲಿ ಪ್ರಿಂಟರು ಇತ್ತು, ಇಂಟರ್‌ನೆಟ್ ಇತ್ತು. ಡಬ್ಬಿಯ ಹೆಸರಷ್ಟೇ ಇರಲಿಲ್ಲ.

ಅಷ್ಟರಲ್ಲಿ ಗರಗದಿಂದ ಉಮಾಶ್ರೀ ಬಂದಳು. ಸಾಲಿ ಮಾಸ್ತರಿಣಿ. ಊರಿನ ನೂಲುವ ಹೆಣ್ಣುಮಕ್ಕಳ ಹಾಡುಗಳ ಮೇಲೆ ಆರು ವರ್ಷ ದುಡಿದು ಪ್ರಬಂಧ ಬರೆದಿದ್ದಾಳೆ. ವಿಶ್ವವಿದ್ಯಾಲಯ ಎರಡು ಸಲ ಕೊಟ್ಟ ಮುದತ್ತು ಮುಗಿದು, ಇಂದು ಸಂಜೆ ಐದು ಗಂಟೆಗೆ ಕಡೆಯ ಗಡುವು. ಐದು ದಾಟಿದರೆ ನೋಂದಣಿ ರದ್ದು, ಆರು ವರ್ಷ ನೀರಿಗೆ. ಮುನ್ನೂರು ಪುಟ, ಐದು ಪ್ರತಿ. ಬೈಂಡಿಂಗಿನ ಶಾಂತಯ್ಯ ಎರಡೂವರೆಗೆ ಪುಟ ಕೈಗೆ ಕೊಟ್ಟರೆ ಮಾತ್ರ ಆದೀತೆಂದು ಮೊದಲೇ ಹೇಳಿದ್ದ. ಅಂದರೆ ಹನ್ನೆರಡಕ್ಕಾದರೂ ಮುದ್ರಣ ಶುರುವಾಗಬೇಕು.

ಸುಲಭಾ ಮುಚ್ಚಿಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಉಮಾಶ್ರೀಯ ಬಳಿ ಇದ್ದುದು ಎರಡು ತಿಂಗಳ ಹಿಂದಿನ ಪ್ರತಿ. ಆಮೇಲೆ ಮಾರ್ಗದರ್ಶಕರು ಮೂರು ಅಧ್ಯಾಯ ಮತ್ತೆ ಬರೆಸಿದ್ದರು. ಆ ಹುಡುಗಿ ಬೈದಿದ್ದರೆ ಸುಲಭಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತು ಬ್ಯಾಗಿನ ಪಟ್ಟಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದಳು.

ಗಂಡನಿದ್ದಾಗ ಸುಲಭಾ ‘ನೀವಽ ನೋಡ್ರಿ’ ಎಂದು ಎದ್ದು ಹೋಗುತ್ತಿದ್ದವಳು. ಈಗ ನೋಡುವವಳು ಅವಳೇ. ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ಹಂಚಿಕೆಯ ಪರವಾನಗಿ ತೆರೆದಿದೆಯೇ ನೋಡಿದಳು, ತೆರೆದಿತ್ತು. ಕಾವಲಿನ ತಂತ್ರಾಂಶವನ್ನು ತುಸು ಹೊತ್ತು ನಿಲ್ಲಿಸಿದಳು, ಏನೂ ಆಗಲಿಲ್ಲ. ಶ್ರೀರಂಗ ಮನೆಯ ಪ್ರತಿಯೊಂದು ಯಂತ್ರಕ್ಕೂ ಒಂದೊಂದು ನಂಬರು ಕೊಟ್ಟು ವಹಿಯಲ್ಲಿ ಬರೆದಿಟ್ಟಿದ್ದ. ಡಬ್ಬಿಯ ನಂಬರನ್ನು ಹೊಡೆದು ಕಾದಳು. ಸಿಗಲಿಲ್ಲವೆಂದು ಬಂತು. ಹಿಂದಿನ ಕೋಣೆಗೆ ಹೋದಳು. ಡಬ್ಬಿಯ ಹಸಿರು ದೀಪ ಉರಿಯುತ್ತಿತ್ತು, ರೌಟರಿನದೂ ಉರಿಯುತ್ತಿತ್ತು. ಪಡಸಾಲೆಯಿಂದ ಬಂದ ವೈರು ಸಡಿಲವಾಗಿದೆಯೋ ಎಂದು ಬಗ್ಗಿ ನೋಡಿದರೆ ಕುಂಕುಮದ ಬಟ್ಟು ಇದ್ದ ತೂತಿನಲ್ಲೇ ಗಟ್ಟಿಯಾಗಿ ಕೂತಿತ್ತು. ಅಲ್ಲಿಗೆ ಅದರ ಚಿಂತೆ ಬಿಟ್ಟಳು.

ಕುಂಕುಮದ ಸಂಗತಿ ಹೀಗೆ. ಪ್ರತಿವರ್ಷ ನವಮಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಮನೆಯ ಯಂತ್ರಗಳನ್ನೆಲ್ಲ ಬಿಚ್ಚಿ, ಒರೆಸಿ, ದೇವರ ಮುಂದೆ ಸಾಲಾಗಿ ಇಡುವುದು ಈ ಮನೆಯ ಪದ್ಧತಿ. ದಶಮಿ ಸಂಜೆ ಬನ್ನಿ ಕೊಟ್ಟು ಮುಗಿಯುವ ತನಕ ಯಾರೂ ಅವನ್ನು ಮುಟ್ಟುವಂತಿಲ್ಲ. ಮರಳಿ ಜೋಡಿಸುವಾಗ ಹಿಂದಿನ ರೌಟರಿನ ಐದು ತೂತುಗಳಲ್ಲಿ ಯಾವುದಕ್ಕೆ ಪಡಸಾಲೆಯ ವೈರು ಎಂದು ಪ್ರತಿಸಲ ಗೊಂದಲ. ಅದಕ್ಕೇ ಶ್ರೀರಂಗ ಸರಿಯಾದ ತೂತಿನ ನೆತ್ತಿಗೆ ಪೂಜೆಯ ಕುಂಕುಮದಿಂದಲೇ ಒಂದು ಬಟ್ಟಿಟ್ಟು, ಕುಂಕುಮ ಇದ್ದಲ್ಲಿ ವೈರು ಎಂದು ಮನೆಯವರಿಗೆಲ್ಲ ಹೇಳಿಕೊಟ್ಟಿದ್ದ.

ಹತ್ತೂವರೆಗೆ ಸುಲಭಾ ಹುಬ್ಬಳ್ಳಿಯ ಮಿಲಿಂದನಿಗೆ ಫೋನು ಹಚ್ಚಿದಳು. ಶ್ರೀರಂಗನ ಗೆಳೆಯ, ಕಂಪ್ಯೂಟರ್ ರಿಪೇರಿಯವನು. ಅವನು ಎಲ್ಲ ಕೇಳಿ, ಅವಳು ಮಾಡಿದ್ದನ್ನೇ ಇನ್ನೊಮ್ಮೆ ಮಾಡಿಸಿದ. ಒಂದು ತಾಸು ಹೋಯಿತು.

“ವೈನಿ, ಡಬ್ಬಿ ಹೋಗೇದ ಅನಸ್ತದ,” ಎಂದ ಕಡೆಗೆ. “ಇಲ್ಲಿ ತೊಗೊಂಡು ಬರ್ರಿ, ಡಿಸ್ಕ್ ಬಿಚ್ಚಿ ನೋಡೋಣು. ಒಳಗಿಂದು ಸಿಕ್ಕರ ಸಿಕ್ಕೀತು, ಇಲ್ಲಾಂದ್ರ ಇಲ್ಲ.”

ಉಮಾಶ್ರೀಗೆ ಕೇಳಿಸಿತ್ತು. ಅವಳು ಎದ್ದು ನಿಂತಳು.

“ಅಕ್ಕಾರ, ನಮ್ಮ ಆಯಿ ಮುರಿಗೆವ್ವ ಹಾಡಿದ್ದೂ ಅದರಾಗ ಐತ್ರಿ. ಆಕಿ ಈಗ ಇಲ್ಲ.”

ಅಜ್ಜಿಯ ಬಗ್ಗೆ ಅಷ್ಟೇ ಹೇಳಿದಳು. ಸುಲಭಾಳಿಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ತನ್ನ ಮೇಲೆ ಸಿಟ್ಟು ಬಂತು, ಡಬ್ಬಿಯ ಮೇಲೆ ಬಂತು, ಹೇಳದೆ ಕೇಳದೆ ಹೋಗಿಬಿಟ್ಟ ಗಂಡನ ಮೇಲೂ ಬಂತು. ಡಬ್ಬಿ ಒಯ್ಯಲು ಚೀಲ ಹಿಡಿದು ದಡದಡ ಹಿಂದಿನ ಕೋಣೆಗೆ ನಡೆದಳು.

ಅಲ್ಲಿ ಅತ್ತೆ ಕೃಷ್ಣಾಬಾಯಿ ಪೂಜೆ ಊಟ ಮುಗಿಸಿ, ಮಂಚದ ಮೇಲೆ ಕೂತು ಟ್ಯಾಬಿನಲ್ಲಿ ದೇವರನಾಮ ಹಚ್ಚಿದ್ದರು. ಮನೆಗೆ ಬೆಂಕಿ ಬಿದ್ದಾಗ ಇವರಿಗೊಂದು ಹಾಡು ಎಂದು ಸುಲಭಾ ಮನಸ್ಸಿನಲ್ಲೇ ಕಟಕಟ ಹಲ್ಲು ಕಡಿದಳು. ಡಬ್ಬಿಯ ಪ್ಲಗ್ಗಿಗೆ ಕೈ ಹಾಕಿದಳು.

“ಅದನ್ಯಾಕ ಕೀಳ್ತೀಯವಾ?” ಎಂದರು ಅತ್ತೆ. “ನನ್ನ ಹಾಡು ನಿಂದರತದ. ಶ್ರೀರಂಗ ಅದರಾಗಽ ಇಟ್ಟಾನಲ್ಲ.”

ಸುಲಭಾಳ ಕೈ ಅಲ್ಲೇ ನಿಂತಿತು. ಹಾಡು ಅದರೊಳಗಿನದು. ಹಾಡು ಕೇಳಿಸುತ್ತಿದೆ. ಹಾಗಿದ್ದರೆ ಡಬ್ಬಿ ಸತ್ತಿಲ್ಲ, ಡಿಸ್ಕೂ ಸತ್ತಿಲ್ಲ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಅವಳು ಅತ್ತೆಯ ಕೈಯಿಂದ ಟ್ಯಾಬನ್ನು ತೆಗೆದುಕೊಂಡು ಪಡಸಾಲೆಗೆ ನಡೆದಳು. ನಡುಮನೆ ದಾಟುತ್ತಲೇ ಹಾಡು ತಡವರಿಸಿತು, ಪಡಸಾಲೆಯಲ್ಲಿ ನಿಂತೇಹೋಯಿತು. ಹಿಂದಿನ ಕೋಣೆಗೆ ತಂದರೆ ಮತ್ತೆ ಹಾಡತೊಡಗಿತು. ಹೊರಗಿನ ರೌಟರಿನ ಮಂದಿ ಹೊರಗೇ, ಒಳಗಿನವರು ಒಳಗೇ. ನಡುವಿನ ಬಾಗಿಲು ಮುಚ್ಚಿದೆ. ಬಾಗಿಲು ಅಂದರೆ ಆ ವೈರು.

ಮತ್ತೆ ಬಗ್ಗಿದಳು. ಈ ಸಲ ಕುಂಕುಮವನ್ನಲ್ಲ, ತೂತನ್ನು ನೋಡಿದಳು. ನಾಲ್ಕು ಹಳದಿ, ತುಸು ಬೇರೆಯಾಗಿ ಒಂದು ನೀಲಿ. ನೀಲಿ ಇರುವುದು ಹೊರಗಿನ ಇಂಟರ್‌ನೆಟ್ ಲೈನಿಗೆ, ಅದಕ್ಕೆ ವೈರು ಕೂತರೆ ಒಳಗಿನ ರೌಟರು ತನ್ನ ಬೇರೆ ಸಂಸಾರ ಹೂಡಿ ಪಡಸಾಲೆಗೆ ಬಾಗಿಲು ಹಾಕಿಕೊಳ್ಳುತ್ತದೆ. ಬಟ್ಟು ಇದ್ದುದು ನೀಲಿಯ ಮೇಲೆ, ಹೊಸ ಬಟ್ಟು. ಕೊನೆಯ ಹಳದಿಯ ಮೇಲೆ ಒರೆಸಿದರೂ ಹೋಗದ ಕೆಂಪಿನ ಕಲೆ ಮಸುಕಾಗಿ ಉಳಿದಿತ್ತು.

ಅವಳಿಗೆ ಎಲ್ಲ ತಿಳಿಯಿತು. ನವಮಿಯ ದಿನ ಪೂಜೆ ಮಾಡಿದ್ದು ನಾದಿನಿ ಋತುಜಾ, ಹುಬ್ಬಳ್ಳಿಯಿಂದ ಅದಕ್ಕೆಂದೇ ಬಂದಿದ್ದಳು. ಮುತ್ತೈದೆಯ ಕೈಯಿಂದ ಕುಂಕುಮವಾಗಲಿ ಎಂದು. ಪಾಪ, ಭಕ್ತಿಯಿಂದ ತೊಳೆದಂತೆ ಒರೆಸಿ, ಹಣೆಯಂತೆ ಕಂಡ ಜಾಗಕ್ಕೆ ಚೆಂದದ ಬಟ್ಟಿಟ್ಟಿದ್ದಾಳೆ. ದಶಮಿ ಸಂಜೆ ಅಣ್ಣ ಕಲಿಸಿದ ಹಾಗೆ ಕುಂಕುಮ ಇದ್ದಲ್ಲಿ ವೈರು ಸಿಕ್ಕಿಸಿ ಊರಿಗೆ ಹೋಗಿದ್ದಾಳೆ. ಯಂತ್ರಗಳ ಜೊತೆ ದಿನವಿಡೀ ಬಾಳುವ ಸುಲಭಾ ಆಗ ಅಡಿಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಗಂಡ ಹೋದ ಮೇಲೆ ಅವಳು ಕುಂಕುಮದ ಭರಣಿ ಮುಟ್ಟಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಯಾರೂ ಬಾ ಅಂತಲೂ ಅಂದಿರಲಿಲ್ಲ.

ವೈರನ್ನು ಕಿತ್ತು ಕೊನೆಯ ಹಳದಿ ತೂತಿಗೆ ಒತ್ತಿದಳು. ಟಕ್ಕೆಂದಿತು. ಪಡಸಾಲೆಗೆ ಓಡಿ ಬಂದು ಪರದೆಯ ಮುಂದೆ ನಿಂತಳು. ಪಟ್ಟಿ ಖಾಲಿ. ಇನ್ನೊಮ್ಮೆ ಒತ್ತಿದಳು, ಖಾಲಿ. ಮೂರನೆಯ ಸಲಕ್ಕೆ ಡಬ್ಬಿಯ ಹೆಸರು ಬಂತು, ಅದರೊಳಗೆ ಫೋಲ್ಡರ್, ಅದರೊಳಗೆ ಮುರಿಗೆವ್ವನ ಹಾಡೂ ಸೇರಿ ಏಳು ಅಧ್ಯಾಯ. ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ ಇತ್ತು. ಸುಲಭಾ ಮೊದಲು ಮುದ್ರಣಕ್ಕೆ ಕೊಟ್ಟಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಪ್ರಿಂಟರು ಎರಡು ಸಲ ಕಾಗದ ನುಂಗಿತು. ಶಾಂತಯ್ಯ ಗೊಣಗುತ್ತಲೇ ಹೊಲಿದ. ನಾಲ್ಕು ಮುಕ್ಕಾಲಿಗೆ ವಿಶ್ವವಿದ್ಯಾಲಯದ ಕಿಟಕಿಯಲ್ಲಿ ಐದೂ ಪ್ರತಿಗೆ ಠಸ್ಸೆ ಬಿತ್ತು. ಉಮಾಶ್ರೀ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು. ಸುಲಭಾ ಅವಳನ್ನು ಗರಗದ ಬಸ್ಸಿಗೆ ಹತ್ತಿಸಿ ಮನೆಗೆ ಬಂದಳು.

ಕೈಕಾಲು ತೊಳೆದು ಹಿಂದಿನ ಕೋಣೆಗೆ ಹೋದಳು. ಒದ್ದೆ ಬಟ್ಟೆಯಿಂದ ನೀಲಿ ತೂತಿನ ಬಟ್ಟನ್ನು ಕಲೆ ಉಳಿಯದಂತೆ ಒರೆಸಿದಳು. ಆಮೇಲೆ ದೇವರ ಮುಂದಿನ ಕುಂಕುಮದ ಭರಣಿಯನ್ನು ಎತ್ತಿಕೊಂಡು ಬಂದಳು. ಮಂಚದ ಮೇಲಿನ ಅತ್ತೆ ಹಾಡು ನಿಲ್ಲಿಸಿದರು.

“ಇನ್ನ ಮ್ಯಾಲೆ ಇದನ್ನ ನಾನಽ ಇಡತೇನಿ, ಅತ್ಯಾ,” ಎಂದಳು ಸುಲಭಾ.

ಕೃಷ್ಣಾಬಾಯಿ ಭರಣಿಯನ್ನು ನೋಡಿದರು. ಅವರೂ ಹದಿನೆಂಟು ವರ್ಷದಿಂದ ಆ ಭರಣಿ ಮುಟ್ಟದವರೇ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ಬಂದು, ಟ್ಯಾಬಿನ ಬೆಳಕನ್ನು ರೌಟರಿನ ಹಿಂಬದಿಗೆ ಹಿಡಿದರು.

“ಕಾಣಸ್ತದೇನು? ನೋಡಿ ಇಡು, ಮತ್ತ ತಪ್ಪಬಾರದು.”

ಸುಲಭಾ ಉಂಗುರಬೆರಳಿನಿಂದ ಕುಂಕುಮ ತೆಗೆದುಕೊಂಡು ಕೊನೆಯ ಹಳದಿ ತೂತಿನ ನೆತ್ತಿಗೆ ಒತ್ತಿ ಬಟ್ಟಿಟ್ಟಳು. ಬೆರಳಿನಲ್ಲಿ ಉಳಿದದ್ದನ್ನು ಒರೆಸಿಕೊಳ್ಳಲಿಲ್ಲ.