ಕ್ಯಾಸೆಟ್ಟಿನಲ್ಲಿ ಇಲ್ಲದ ನುಡಿ

ಮೂಡಲಗಿಯ ಸತ್ಯಪ್ಪ ಯಾರು ಅಂತ ಕೇಳಿದರೆ ಅವನ ಓಣಿಯವರೇ, "ಮೋಟಾರ ರಿಪೇರಿ ಮಾಡ್ತಿದ್ನಲ್ಲ, ಅಂವ ಏನ್ರಿ?" ಅನ್ನುತ್ತಾರೆ. ಸುಟ್ಟ ಪಂಪಸೆಟ್ಟಿನ ಮೋಟಾರಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು, ಖರೆ. ಆದರೆ ಹನ್ನೊಂದು ವರ್ಷ ನನ್ನ ಜೊತೆ ವಿಜ್ಞಾನದ ಗೀಗೀ ಪದ ಕಟ್ಟಿ, ಗೋಕಾಕದಿಂದ ಹುಕ್ಕೇರಿಯವರೆಗೆ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದವನೂ ಅವನೇ. ಅದು ಯಾರಿಗೂ ನೆನಪಿಲ್ಲ. ಕಾರಣ ನಾನು, ಹುಕ್ಕೇರಿಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಕುಂಥುನಾಥ ಮಾಸ್ತರ.

೧೯೯೩ರಲ್ಲಿ ನಮ್ಮ ಶಾಲೆಯ ಬಾವಿಯ ಮೋಟಾರು ಸುಟ್ಟಿತು. ರಿಪೇರಿಗೆ ಬಂದ ಸತ್ಯಪ್ಪ ಅದನ್ನು ಬಿಚ್ಚುತ್ತ, "ಕರೆಂಟಂಬ ಸೊಸಿ ತವರಿಗೆ ಹೊಂಟಾಳ, ಸನೇದ ದಾರಿ ಹುಡಕ್ಯಾಳ" ಎಂದು ಹಾಡಿಕೊಳ್ಳುತ್ತಿದ್ದ. ಶಾರ್ಟ್ ಸರ್ಕಿಟ್ಟನ್ನು ಹೀಗೂ ಹೇಳಬಹುದೇ ಎಂದು ನಾನು ಪಾಠ ಬಿಟ್ಟು ಹೊರಗೆ ಬಂದೆ.

"ಮುಂದಿನ ನುಡಿ ಹೇಳಪಾ."

"ನೀವ ಕಟ್ರಿ ಮಾಸ್ತರ. ನನಗ ಇಷ್ಟ ಬರೂದು."

ಹಾಗೆ ಶುರುವಾಯಿತು. ಅವನ ಕೈಯಲ್ಲಿ ಬಡಿಯುವ ದಪ್ಪು, ನನ್ನ ಕೈಯಲ್ಲಿ ಒಂಟಿ ತಂತಿಯ ತುಂತುಣಿ. ಸೋಡಿಯಮ್ಮನನ್ನು ಕ್ಲೋರಿನಪ್ಪನಿಗೆ ಕೊಟ್ಟು ಮದುವೆ ಮಾಡಿದೆವು. ವರದಕ್ಷಿಣೆ ಒಂದೇ ಎಲೆಕ್ಟ್ರಾನು, ಹುಟ್ಟಿದ್ದು ಉಪ್ಪು! ಎಲ್ಲಕ್ಕಿಂತ ಹೆಚ್ಚು ಓಡಿದ್ದು ಕಂಪ್ಯೂಟರಿನ ಪದ:

ಇಲಿಯೊಂದು ಮನ್ಯಾಗ, ಬೆಕ್ಕಿನ ಭಯವಿಲ್ಲ
ಕಿಡಕಿ ತೆರದೈತಿ, ತುಸು ಸೈತ ಗಾಳಿಲ್ಲ

ಪದದ ಕೊನೆಗೆ ಕಟ್ಟಿದವರ ಹೆಸರು, ಊರು ಹೇಳುವ ಒಂದು ನುಡಿ ಬರುತ್ತದೆ. ಅದಕ್ಕೆ ಅಂಕಿತ ಅನ್ನುತ್ತೇವೆ. ಈ ಪದ ನಮ್ಮದು ಅನ್ನಲು ನಮ್ಮ ಹತ್ತಿರ ಬೇರೆ ಯಾವ ದಾಖಲೆಯೂ ಇರಲಿಲ್ಲ. ನಮ್ಮ ಅಂಕಿತವನ್ನು ಸತ್ಯಪ್ಪನೇ ಬಾಯಲ್ಲೇ ಕಟ್ಟಿದ್ದ, ಅವನೇ ಹಾಡುತ್ತಿದ್ದ. ನಾನು ಆಗ ಪಕ್ಕಕ್ಕೆ ಸರಿದು ನೀರು ಕುಡಿಯುತ್ತಿದ್ದೆ.

೧೯೯೯ರಲ್ಲಿ ಕ್ಯಾಸೆಟ್ಟು ಮಾಡುವವನೊಬ್ಬ ನಮ್ಮನ್ನು ಘಟಪ್ರಭಾಕ್ಕೆ ಕರೆಸಿದ. "ಪದಾ ಉದ್ದ ಆಗೇತಿ. ಆ ಕಡೀ ನುಡಿ ತಗದ ಬಿಡ್ರಿ. ನಿಮ್ಮ ಊರು, ಹೆಸರು ಕಟಗೊಂಡು ಯಾರಿಗೇನ ಆಗಬೇಕಾಗೇತ್ರಿ?" ಎಂದು ನನಗೆ ಹೇಳಿದ. ಸತ್ಯಪ್ಪನ ಕಡೆ ನೋಡಲೂ ಇಲ್ಲ.

ಸತ್ಯಪ್ಪ ದಪ್ಪು ಕೆಳಗಿಟ್ಟ. "ಮಾಸ್ತರ, ಅದನ್ನ ತಗದ್ರ ಪದಾ ಪರದೇಶಿ ಆಕ್ಕೈತಿ. ಬ್ಯಾಡ್ರಿ."

"ಹುಚ್ಚರಂಗ ಮಾಡಬ್ಯಾಡೋ. ಹೆಸರು ಕವರಿನ ಮ್ಯಾಲ ಇರ್ತಾವು" ಎಂದು ಗದರಿದೆ. ಅವನು ದಪ್ಪು ಎತ್ತಿಕೊಂಡ.

ಥೂ, ಎಂಥ ಮಾತಾಡಿದೆ! ಕವರಿನ ಮೇಲೆ ಇರುವೆಯಷ್ಟು ಅಕ್ಷರದಲ್ಲಿ ಹೆಸರೇನೋ ಇದ್ದವು. ಆದರೆ ಒಂದು ಕ್ಯಾಸೆಟ್ಟಿನಿಂದ ನೂರು ಕ್ಯಾಸೆಟ್ಟು ತುಂಬಿಕೊಂಡ ಮಂದಿಗೆ ಕವರು ಯಾಕೆ ಬೇಕು? ಟೆಂಪೋದಲ್ಲಿ, ಚಹಾದಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ನಮ್ಮ ಪದವೇ ಪದ. ನಮ್ಮ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

೨೦೦೪ರಲ್ಲಿ ಗೋಕಾಕದ ಕಡೆಯ ಒಂದು ಹಳ್ಳಿಯ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಹೋಗಿದ್ದೆವು. ಕಂಪ್ಯೂಟರಿನ ಪದಕ್ಕೆ ಊರೇ ದನಿಗೂಡಿಸಿತು. ಸತ್ಯಪ್ಪ ಖುಷಿಯಿಂದ ಅಂಕಿತ ಎತ್ತಿಕೊಂಡ. ಮುಂದಿನ ಸಾಲಿನಲ್ಲಿದ್ದ ಶೆಟ್ಟೆಪ್ಪನೆಂಬ ಹಿರಿಯ ಎದ್ದು ನಿಂತ.

"ಏ ತಮ್ಮಾ, ಇದು ಕ್ಯಾಸೆಟ್ಟಿನ ಪದಾ ಐತಿ. ಮಂದೀ ಪದಕ್ಕ ನಿನ್ನ ಹೆಸರ ಹಚ್ಚಾಕ ನಾಚಿಕಿ ಬರೂದಿಲ್ಲೇನು?"

ಜನ ಹೋ ಎಂದು ನಕ್ಕರು. ಸತ್ಯಪ್ಪ ನನ್ನ ಮುಖ ನೋಡಿದ. ಮೈಕು ನನ್ನ ಮುಂದೆಯೇ ಇತ್ತು. ಇದು ನಮ್ಮ ಪದ ಅಂತ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಕಳ್ಳ ಅನ್ನಿಸಿಕೊಂಡವನು ಅವನು. ಇಸ್ತ್ರಿ ಅಂಗಿಯ ಮಾಸ್ತರನ ಕಡೆ ಯಾರೂ ಬೆರಳು ಮಾಡಿರಲಿಲ್ಲ. ನನ್ನನ್ನೂ ನೋಡಿ ನಕ್ಕರೆ ಎಂದು ಹೆದರಿ ಸುಮ್ಮನೆ ನಿಂತೆ. ಸತ್ಯಪ್ಪ ಅಂಕಿತವನ್ನು ಅರ್ಧಕ್ಕೆ ಬಿಟ್ಟು ಇಳಿದು ಹೋದ. ಮತ್ತೆ ದಪ್ಪು ಮುಟ್ಟಲಿಲ್ಲ.

ಮೂರು ವರ್ಷಕ್ಕೆ ಎದೆನೋವಿನಿಂದ ತೀರಿಕೊಂಡ. ಮನೆಯವರನ್ನು ಮಾತಾಡಿಸಲು ಹೋದಾಗ ಅವನ ಹೆಂಡತಿ ಕರೆವ್ವ ನೀರು ತಂದಿಟ್ಟಳು.

"ಮಾಸ್ತರ, ನಿಮ್ಮ ಹಾಡಕಿಗೆ ನಾ ಒಮ್ಮಿನೂ ಬಂದಾಕಿ ಅಲ್ಲ. ಕ್ಯಾಸೆಟ್ಟ ಕೇಳೇನಿ, ಅದರಾಗ ಅವರ ಹೆಸರ ಇಲ್ಲ. ಆ ಹೆಸರಿನ ನುಡಿ ಒಂದ ಹಾಡ್ರಿ, ಕೇಳತೇನಿ."

ಮೊದಲಿನಿಂದ ಹಾಡುತ್ತ ಬಂದೆ. ಎಲ್ಲ ನುಡಿಗಳೂ ಬಂದವು. ಅಂಕಿತಕ್ಕೆ ಬಾಯಿ ನಿಂತಿತು. ದುಃಖಕ್ಕಲ್ಲ. ನನಗೆ ಅದು ಬರುತ್ತಿರಲಿಲ್ಲ. ಹನ್ನೊಂದು ವರ್ಷ ಪಕ್ಕದಲ್ಲೇ ನಿಂತು ನೀರು ಕುಡಿದಿದ್ದೆ, ಕಲಿತಿರಲಿಲ್ಲ.

"ಆ ನುಡಿ ನನಗ ಬರೂದಿಲ್ಲ ಯವ್ವಾ" ಎಂದೆ.

ಕರೆವ್ವ ನೀರಿನ ತಂಬಿಗೆಯನ್ನು ನನ್ನ ಹತ್ತಿರ ಸರಿಸಿದಳು.

"ಅದರಾಗ ನಿಮ್ಮ ಹೆಸರ ಮೊದಲ ಇಟ್ಟೇನಿ ಅಂತಿದ್ರು" ಎಂದಳು.