ಶನಿಯ ಬಳೆ

ಕಳೆದ ತಿಂಗಳು ಮನೆಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಬಂತು. ಮುಚ್ಚಳ ತೆಗೆದೊಡನೆ ಒಲೆಯ ಹೊಗೆಯ ವಾಸನೆ, ಅದರ ಹಿಂದೆ ಹುರಿದಕ್ಕಿಯದು, ಅದರ ಹಿಂದೆ ಲವಂಗದ್ದು. ನಲವತ್ತು ವರ್ಷ ದಾಟಿದ ಮೇಲೂ ವಾಸನೆ ಉಳಿಯುತ್ತದೆಯೇ? ಉಳಿಯಲಾರದು. ನನ್ನ ತಲೆಯೇ ಅದನ್ನು ಹುಟ್ಟಿಸಿರಬೇಕು. ಒಳಗೆ ಒಂದು ನೋಟುಬುಕ್ಕು, ಮೇಲೊಂದು ಚೀಟಿ: “ಅಪ್ಪಯ್ಯನ ಪಟ್ಟಿ. ಅಟ್ಟ ತೆರವು ಮಾಡುವಾಗ ಸಿಕ್ಕಿತು. ನಿಮಗೆ ಬೇಕಾದೀತು.” ಬರೆದವಳು ಗಡಿಯಾರದ ಮಾವನ ಮಗಳು, ಕಾನಸೂರಿಗೆ ಕೊಟ್ಟವಳು.

ಗಡಿಯಾರದ ಮಾವ ನಮಗೆ ಸಂಬಂಧಿಕರಲ್ಲ. ಶಿರಸಿಯಲ್ಲಿ ನಮ್ಮ ಪಕ್ಕದ ಮನೆಯವರು. ಮುಂದೆ ಗಡಿಯಾರ ರಿಪೇರಿಯ ಅಂಗಡಿ, ಹಿಂದೆ ಹಿತ್ತಿಲು. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಸೇರಿದಾಗ ಊರು ಬಿಟ್ಟ ಸಾಹೇಬರೊಬ್ಬರ ಸಾಮಾನು ಲಿಲಾವಿಗೆ ಬಂತು. ಉಳಿದವರೆಲ್ಲ ಕುರ್ಚಿಗೂ ಕಪಾಟಿಗೂ ಕೂಗಿದರು. ಮಾವ ಹಿತ್ತಾಳೆಯ ದುರ್ಬೀನಿಗೆ ಕೂಗಿದರು. ಅದರ ಗಾಜಿಗೆ ಬೂಷ್ಟು ಹಿಡಿದು ಹಾಲಿನ ಕೆನೆಯಂತಾಗಿತ್ತು. ಅದನ್ನು ಬಿಡಿಸಲು ಅವರಿಗೆ ಒಂದು ಬೇಸಿಗೆ ಹಿಡಿಯಿತು. ಮುಂದೆ ಪ್ರತಿ ಮಳೆಗಾಲ ಗಾಜುಗಳನ್ನು ಬಿಚ್ಚಿ, ಹುರಿದಕ್ಕಿ ಮತ್ತು ನಾಲ್ಕು ಲವಂಗದ ಜೊತೆ ಈ ಡಬ್ಬಿಯಲ್ಲಿಟ್ಟು ಒಲೆಯ ಮೇಲೆ ತೂಗುಹಾಕುತ್ತಿದ್ದರು. ಅಕ್ಕಿ ತೇವ ಹೀರುತ್ತದೆ, ಸರಿ. ಲವಂಗಕ್ಕೆ ಬೂಷ್ಟು ಹೆದರುತ್ತದೆ ಎಂಬುದು ಅವರದೇ ಶೋಧ.

ಮಳೆ ಹಿಂದಾದ ಮೇಲೆ ದುರ್ಬೀನು ಹಿತ್ತಿಲಿಗೆ ಬರುತ್ತಿತ್ತು. ಸಂಜೆ ದೀಪ ಹಚ್ಚುವ ಮೊದಲೇ ತಂದು ನಿಲ್ಲಿಸಿ, ಒಂದು ತಾಸು ಅದನ್ನು ಮುಟ್ಟುತ್ತಿರಲಿಲ್ಲ. “ಕೊಳವೆ ಒಳಗಿನ ಬಿಸಿ ಆರಲಿ ತಮಾ, ಇಲ್ದಿದ್ರೆ ಚುಕ್ಕಿ ಕುಣಿತು” ಎನ್ನುತ್ತಿದ್ದರು. ನಾನು ದೊಡ್ಡದಾಗಿ ತೋರಿಸುವ ಗಾಜು ಹಾಕಿ ಎಂದರೆ, “ದೊಡ್ಡದು ಮಾಡ್ತೆ ಹೇಳಿ ಹೊರಟ್ರೆ ಮಸುಕೇ ದೊಡ್ಡದಾಗ್ತು.” ಮಬ್ಬಾದ ಚುಕ್ಕಿಯನ್ನು ನೆಟ್ಟಗೆ ನೋಡಬಾರದು, ಅದರ ಪಕ್ಕಕ್ಕೆ ನೋಡಬೇಕು, ಆಗ ಅದೇ ಮೆಲ್ಲಗೆ ಕಣ್ಣಿಗೆ ಬೀಳುತ್ತದೆ. ಇದನ್ನೆಲ್ಲ ಅವರಿಗೆ ಯಾರೂ ಕಲಿಸಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಕಂಡದ್ದನ್ನು ಮೊದಲು ಚಿತ್ರ ಬರೆಯಬೇಕು, ಆಮೇಲೆ ಬಾಯಿ ಬಿಡಬೇಕು. ಇಬ್ಬರು ನೋಡಿದರೆ ಇಬ್ಬರೂ ಬರೆದು ಮುಗಿಸುವ ತನಕ ಒಬ್ಬರಿಗೊಬ್ಬರು ಏನೂ ಹೇಳಬಾರದು. “ಗೊತ್ತಿದ್ದಿದ್ದು ಬರೆಯಡ, ಕಂಡಿದ್ದು ಬರಿ.”

ಶನಿಗ್ರಹದ ಉಂಗುರಕ್ಕೆ ಅವರು ಬಳೆ ಎನ್ನುತ್ತಿದ್ದರು. ಅವರ ಬಾಯಿಂದ ಕೇಳಿ ನಮ್ಮ ಓಣಿಯವರೆಲ್ಲ ಹಾಗೇ ಅನ್ನತೊಡಗಿದ್ದರು. ಅತ್ತೆ, ಅಂದರೆ ಅವರ ಹೆಂಡತಿ, ನನ್ನ ಮುಂದೆ ಅವರನ್ನು ಚುಚ್ಚುತ್ತಿದ್ದರು: “ಯನ್ನ ಕೈ ಬಳೆ ಸವದ್ದು ಇವ್ಕೆ ಕಾಣ್ತಿಲ್ಲೆ, ಶನಿದು ಕಾಣ್ತು ನೋಡು! ಅವನ್ನ ಹಿಂಗೆ ದಿಟ್ಟಿಸಿ ನೋಡಿರೆ ಅಂವ ಸುಮ್ನಿರ್ತ್ನಾ?” ಮಾವ ಒಮ್ಮೆ ದುರ್ಬೀನಿನಿಂದ ಕಣ್ಣು ಕೀಳದೆ, “ಅಂವ ಯನ್ನ ನೋಡಲಿ ಹೇಳೇ ಆನು ಕೂತಿದ್ದು” ಅಂದಿದ್ದರು.

ನಾನು ಧಾರವಾಡಕ್ಕೆ ಓದಲು ಹೋದೆ. ಅಲ್ಲಿ ಎಲ್ಲವನ್ನೂ ಅನುಮಾನಿಸಲು ಕಲಿತೆ, ಸ್ವಲ್ಪ ಅತಿಯಾಗಿಯೇ. ಪ್ರೊಫೆಸರರೊಬ್ಬರು ಒಮ್ಮೆ ತರಗತಿಯಲ್ಲಿ, ಈ ವರ್ಷ ಶನಿಯ ಉಂಗುರ ನಮಗೆ ತನ್ನ ತೆಳು ಅಂಚನ್ನಷ್ಟೇ ತೋರಿಸಿ ನಿಲ್ಲುತ್ತದೆ, ಸಣ್ಣ ದುರ್ಬೀನಿಗೆ ಕಾಣುವುದೇ ಇಲ್ಲ ಎಂದರು. ಅದು ೧೯೬೬. ದೀಪಾವಳಿ ರಜೆಗೆ ಊರಿಗೆ ಹೊರಟಾಗ ಈ ಸಂಗತಿ ನನ್ನ ಕಿಸೆಯಲ್ಲಿತ್ತು. ಮಾವನಿಗೆ ಹೇಳಬಹುದಿತ್ತು. ಆದರೆ ಮನುಷ್ಯ ತಾನು ನಂಬಿದ್ದನ್ನೇ ಕಾಣುತ್ತಾನೆ ಎಂಬ ಮಾತು ಆಗ ನನ್ನ ತಲೆಗೆ ಏರಿತ್ತು. ಕಂಡದ್ದನ್ನು ಬರಿ ಎನ್ನುವವರು ಅಭ್ಯಾಸದಿಂದ ಬಳೆ ಬರೆಯುತ್ತಾರೋ ನೋಡೋಣ ಎಂದು ಸುಮ್ಮನಿದ್ದೆ.

ಏಳು ಗಂಟೆ ಇದ್ದೀತು. ಶನಿ ತೆಂಗಿನ ಮರದ ಮೇಲಿತ್ತು. ಹಿತ್ತಿಲಲ್ಲಿ ತೆಂಗಿನ ಮರವಿತ್ತೋ, ಅಥವಾ ಬೇರೆ ಯಾರದೋ ಹಿತ್ತಿಲ ಮರವನ್ನು ಇಲ್ಲಿಗೆ ತಂದಿದ್ದೇನೋ... ಮಾವ ನೋಡಿದರು. ಓಣಿಯ ಪಟಾಕಿ ಹೊಗೆ ಎಂದು ಸ್ವಲ್ಪ ಹೊತ್ತು ಕಾದರು. ಗಾಜು ಬಿಚ್ಚಿ ಪಂಚೆಯ ತುದಿಯಿಂದ ಒರೆಸಿದರು. ಎಡಗಣ್ಣಿನಿಂದ ನೋಡಿದರು, ಮತ್ತೆ ಬಲಗಣ್ಣಿನಿಂದ. ಬಲಗಣ್ಣು ಅವರ ಅನ್ನದ ಕಣ್ಣು. ಭೂತಗನ್ನಡಿ ಸಿಕ್ಕಿಸಿಕೊಂಡು ಹೆಂಗಸರ ಸಣ್ಣ ಕೈಗಡಿಯಾರಗಳ ಹೊಟ್ಟೆ ಬಿಚ್ಚುತ್ತಿದ್ದದ್ದು ಆ ಕಣ್ಣಿನಿಂದಲೇ.

“ಬಳೆ ಕಾಣ್ತಿಲ್ಲೆ” ಅಂದರು. ಕಣ್ಣುಜ್ಜಿಕೊಂಡು, “ನಾಕು ವರ್ಷಾತು ಸಪೂರ ಆಗ್ತಾ ಬಂದು. ಯನ್ನ ಕಣ್ಣೇ ಸಮ ಇಲ್ಲೆ ಕಾಣ್ತು. ನೀ ನೋಡು. ಕಾಣ್ತಾ?”

ತಮ್ಮ ಕಟ್ಟಳೆ ಮುರಿದು, ನಾನು ಬರೆಯುವ ಮೊದಲೇ ಅವರು ಕೇಳಿದ್ದು ಅದೊಂದೇ ಸಲ. ನಾನು ಬಗ್ಗಿ ನೋಡಿದೆ. ದುಂಡಗಿನ, ಬೋಳಾದ ಒಂದು ಬೆಳಕು. ನಾನು ಏನೂ ಹೇಳಲಿಲ್ಲ... ಹೀಗೆಂದೇ ಇಷ್ಟು ವರ್ಷ ನನ್ನ ನೆನಪು. ಪರೀಕ್ಷೆಯಲ್ಲಿ ಅವರು ಗೆದ್ದಿದ್ದರು, ಅದನ್ನು ನಾಳೆ ಹೇಳಿ ನಗಿಸೋಣ ಎಂದುಕೊಂಡೆ. ಮರುದಿನ ನಮ್ಮ ಮನೆಗೆ ನೆಂಟರು ಬಂದರು, ಅದರ ಮರುದಿನ ನನ್ನ ಬಸ್ಸು. ಕಾಗದ ಬರೆದೆನೆಂದು ನೆನಪು. ಅಂಚೆಗೆ ಹಾಕಿದ ನೆನಪಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಬಂದಾಗ ಅಂಗಡಿಯಲ್ಲಿ ಗೋಡೆ ಗಡಿಯಾರಗಳು ಮಾತ್ರ ಇದ್ದವು. ಕೈಗಡಿಯಾರ ತಂದವರನ್ನು ಮಾವ ಬೇರೆ ಅಂಗಡಿಗೆ ಕಳಿಸುತ್ತಿದ್ದರು. ದುರ್ಬೀನು ಯಲ್ಲಾಪುರದ ನೆಂಟರೊಬ್ಬರ ಮನೆ ಸೇರಿತ್ತು. ಅತ್ತೆ ಚುಚ್ಚುವುದನ್ನು ಬಿಟ್ಟಿದ್ದರು. “ಡಾಕ್ಟ್ರು ಕಣ್ಣು ಸಮ ಇದ್ದು ಹೇಳಿದ್ರು. ಇವ್ಕೆ ನಂಬ್ಕೆ ಇಲ್ಲೆ. ನೀನಾದ್ರೂ ಹೇಳು ತಮಾ” ಅಂದರು.

ನಾನು ಹೇಳಿದೆ. “ಮಾವ, ಹೋದ ವರ್ಷ ಬಳೆ ಯಾರಿಗೂ ಕಂಡಿದ್ದಿಲ್ಲೆ. ಅದು ಅಂಚು ತಿರುಗಿಸಿ ನಿಂತಿತ್ತು.” ಕಾಗದದ ಮೇಲೆ ಚಿತ್ರ ಬರೆದೂ ತೋರಿಸಿದೆ. ಮಾವ ಆ ಚಿತ್ರವನ್ನು ಬಹಳ ಹೊತ್ತು ನೋಡಿ, ನನ್ನ ಬೆನ್ನು ತಟ್ಟಿ, “ನೀ ಒಳ್ಳೆಂವ ತಮಾ” ಅಂದರು. ಮತ್ತೆ ಗೋಡೆ ಗಡಿಯಾರದ ಕಡೆ ತಿರುಗಿದರು. ಅವರೇಕೆ ನಂಬಲಿಲ್ಲ ಎಂಬುದು ನನಗೆ ಬಿಡಿಸಲಾಗದೆ ಉಳಿಯಿತು. ಆ ಮಾತನ್ನು ಮಾತ್ರ ಹೊಗಳಿಕೆ ಎಂದು ಜೋಪಾನ ಮಾಡಿಟ್ಟುಕೊಂಡೆ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ಮೊದಲು ನೆನಪಾದದ್ದು ಅದೇ.

ಈಗ ಆ ಪಟ್ಟಿ, ಮಾವನ ನೋಟುಬುಕ್ಕು, ನನ್ನ ಮೇಜಿನ ಮೇಲಿದೆ. ವರ್ಷಕ್ಕೊಂದರಂತೆ ಶನಿಯ ಚಿತ್ರಗಳು. ಮೊದಲಿನವುಗಳಲ್ಲಿ ಬಳೆ ಅಗಲವಾಗಿ ತೆರೆದಿದೆ. ಆಮೇಲೆ ಪುಟದಿಂದ ಪುಟಕ್ಕೆ ಕಿರಿದಾಗಿ, ಅರವತ್ತೈದರಲ್ಲಿ ಸೂಜಿಯಷ್ಟು ಗೆರೆ. ಆಕಾಶದಲ್ಲಿ ನಡೆದದ್ದೂ ಅಷ್ಟೇ, ಕೂದಲೆಳೆಯ ವ್ಯತ್ಯಾಸವಿಲ್ಲ. ಅಷ್ಟು ನೆಟ್ಟಗಿದ್ದ ಕಣ್ಣು ಅದು. ಕೊನೆಯ ಪುಟದಲ್ಲಿ ಒಂದು ಬೋಳು ವೃತ್ತ. ಅದರ ಕೆಳಗೆ ಮಾವನ ಗುಂಡು ಅಕ್ಷರ:

“ಬಳೆ ಕಾಣಲಿಲ್ಲ. ಎರಡೂ ಕಣ್ಣಿನಿಂದ ನೋಡಿದೆ. ಮಾಸ್ತರರ ಮಗನೂ ನೋಡಿದ. ತನಗೆ ಕಾಣುತ್ತದೆ ಎಂದ.”

ಮಾಸ್ತರರ ಮಗ ನಾನೇ. ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಆ ಸಂಜೆಯನ್ನು ಎಷ್ಟು ಸಲ ಹೊರಳಿಸಿದರೂ ನಾನು ಸುಮ್ಮನೇ ನಿಂತಿದ್ದೇನೆ. ನೆನಪನ್ನು ನಂಬಬಾರದು ಎಂದು ಜೀವಮಾನವಿಡೀ ಇತರರಿಗೆ ಹೇಳಿದವನು ನಾನು. ಹಾಗಾಗಿ ಬರಹವನ್ನೂ ಅನುಮಾನಿಸಲು ನೋಡಿದೆ. ಆಗಲಿಲ್ಲ. ಕಂಡದ್ದಕ್ಕಿಂತ, ಕೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಬರೆದವರಲ್ಲ ಅವರು.

ಬಳೆ ಯಾರಿಗೂ ಕಾಣಲಿಲ್ಲ ಎಂದು ನಾನು ಮೇ ತಿಂಗಳಲ್ಲಿ ಹೇಳಿದಾಗ, ಕಂಡಿತೆಂದು ಹೇಳಿದವನೇ ಮುದುಕನ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಿರಬೇಕು ಮಾವ. ಅದಕ್ಕೇ ಬೆನ್ನು ತಟ್ಟಿದರು.

ಡಬ್ಬಿಯನ್ನು ಮತ್ತೊಮ್ಮೆ ಮೂಸಿದೆ. ಈ ಸಲ ಏನೂ ಬರಲಿಲ್ಲ... ತಗಡಿನ ವಾಸನೆ ಅಷ್ಟೇ. “ನೀ ಒಳ್ಳೆಂವ ತಮಾ.” ಆ ಮಾತನ್ನು ಹಿಂದಿರುಗಿಸೋಣವೆಂದರೆ, ತೆಗೆದುಕೊಳ್ಳುವವರು ಇಲ್ಲ.